ಜುಮಾದ ದಿನ ಸಿನಗಾಗ್‌ನಲ್ಲಿ

2017ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಅಮೆರಿಕಕ್ಕೆ ಹೋಗಿದ್ದೆವು. ಬಾಣಂತನ ಹೆಂಗಸರ ಕೆಲಸ, ಅಲ್ಲಿ ನಿಮಗೇನು ಕೆಲಸವಿತ್ತು ಎಂದು ಕೇಳಬಹುದು. ನಿಜ, ನನಗೆ ಯಾವ ಕೆಲಸವೂ ಇರಲಿಲ್ಲ. ಹೆಂಡತಿ ಮಗುವಿಗೆ ಎಣ್ಣೆ ಹಚ್ಚುವಾಗ ನಾನು ಕಿಟಕಿಯ ಬಳಿ ಕುಳಿತು ಹಿಮ ಬೀಳುವುದನ್ನು ನೋಡುತ್ತಿದ್ದೆ. ಮಗಳು ಅಳಿಯ ಇದ್ದದ್ದು ಜೆರ್ಸಿ ಸಿಟಿಯಲ್ಲಿ. ಹಡ್ಸನ್ ನದಿಯ ಆಚೆ ದಡ ನ್ಯೂಯಾರ್ಕ್. ನದಿಯ ಅಡಿಯಿಂದಲೇ ಹೋಗುವ ಪಾಥ್ ಎಂಬ ರೈಲು ಇದೆ. ಅಳಿಯನ ಆಫೀಸು ಆಚೆ ದಡದಲ್ಲಿ ಇದ್ದುದರಿಂದ ಮೊದಲ ಶುಕ್ರವಾರ ಆತ ನನ್ನನ್ನು ಅಲ್ಲಿಗೇ ಜುಮಾಕ್ಕೆ ಕರೆದುಕೊಂಡು ಹೋದ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇಸ್ಲಾಮಿಕ್ ಸೆಂಟರ್ ಅದು, ವಾಷಿಂಗ್ಟನ್ ಚೌಕದ ಪಕ್ಕದಲ್ಲಿ. ಮುಂದಿನ ವಾರಗಳಲ್ಲಿ ನಾನೊಬ್ಬನೇ ಹೋಗಿ ಬರುವಷ್ಟು ಧೈರ್ಯಸ್ಥನಾದೆ.

ಧೈರ್ಯ ಎಂದದ್ದು ಸುಮ್ಮನೆ ಅಲ್ಲ. ಜನವರಿ 20ಕ್ಕೆ ಟ್ರಂಪ್ ಅಧಿಕಾರ ವಹಿಸಿಕೊಂಡಿದ್ದರು. 27ನೇ ತಾರೀಕು ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರು ಅಮೆರಿಕಕ್ಕೆ ಬರದಂತೆ ಆದೇಶ ಹೊರಡಿಸಿದರು. ಆ ಪಟ್ಟಿಯಲ್ಲಿ ನಮ್ಮ ದೇಶ ಇರಲಿಲ್ಲ. ಆದರೂ ನನ್ನ ಗಡ್ಡ, ನನ್ನ ಟೊಪ್ಪಿ, ಪಾಸ್‌ಪೋರ್ಟಿನಲ್ಲಿರುವ ನನ್ನ ಹೆಸರು, ಇವಿಷ್ಟೂ ನನ್ನ ಜೊತೆಯೇ ಇದ್ದವಲ್ಲ. ಟೊಪ್ಪಿಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಬಾಗಿಲಲ್ಲಿ ಹಾಕಿಕೊಳ್ಳುತ್ತಿದ್ದೆ. ಮಂಗಳೂರಿನಲ್ಲಿ ಕರ್ಫ್ಯೂ ಇದ್ದಾಗಲೂ ನಾನು ಹಾಗೆ ಮಾಡಿದವನಲ್ಲ.

ಆ ಸೆಂಟರಿನ ಬಾಗಿಲ ಬಳಿ, ಚಳಿಯಲ್ಲಿ, ಪ್ರತಿ ಶುಕ್ರವಾರ ಕೆಲವರು ಫಲಕ ಹಿಡಿದು ನಿಲ್ಲುತ್ತಿದ್ದರು. ಮೊದಲ ಸಲ ಕಂಡಾಗ ನಮ್ಮ ವಿರುದ್ಧ ಧರಣಿ ಕುಳಿತವರು ಎಂದೇ ಭಾವಿಸಿ ತಲೆ ತಗ್ಗಿಸಿ ಒಳಗೆ ಹೋದೆ. ಹೊರಗೆ ಬರುವಾಗ ಓದಿದೆ. ಯಹೂದಿಗಳಾದ ನಾವು ನಮ್ಮ ಮುಸ್ಲಿಂ ನೆರೆಹೊರೆಯವರ ಜೊತೆಗಿದ್ದೇವೆ ಎಂಬ ಅರ್ಥದ ಬರಹ ಅದರಲ್ಲಿತ್ತು. ಮುದುಕರು, ಮುದುಕಿಯರು, ಕಾಲೇಜಿನ ಹುಡುಗರು. ಒಳಗೆ ಹೋಗುವವರಿಗೆಲ್ಲ ನಗುತ್ತಾ ‘ಸಲಾಂ’ ಎನ್ನುತ್ತಿದ್ದರು. ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಬಂದ ಬಳಿಕ, 2016ರ ಕೊನೆಯಿಂದ, ಇವರು ಹೀಗೆ ಬಂದು ನಿಲ್ಲುತ್ತಿದ್ದಾರೆ ಎಂದು ಪಕ್ಕದಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಬಾಂಗ್ಲಾದ ಹುಡುಗನೊಬ್ಬ ಹೇಳಿದ.

ಫೆಬ್ರವರಿಯ ಒಂದು ಶುಕ್ರವಾರ ಅವರಲ್ಲಿ ಒಬ್ಬ ಹಿರಿಯ ಹೆಂಗಸು ನನ್ನನ್ನು ಮಾತನಾಡಿಸಿದರು. ಎಲ್ಲಿಂದ ಬಂದಿರಿ, ಎಷ್ಟು ಮೊಮ್ಮಕ್ಕಳು, ಚಳಿ ತಡೆದುಕೊಳ್ಳುತ್ತೀರಾ, ಇಂಥ ಮಾತು. ಕೊನೆಗೆ, ‘ನಿಮ್ಮ ಪ್ರಾರ್ಥನೆಯ ಬಾಗಿಲಿಗೆ ನಾವು ಬರುತ್ತೇವೆ, ನಮ್ಮ ಪ್ರಾರ್ಥನೆಗೆ ನೀವೂ ಒಮ್ಮೆ ಬನ್ನಿ. ನಮ್ಮದೂ ಶುಕ್ರವಾರವೇ, ಸೂರ್ಯ ಮುಳುಗಿದ ಮೇಲೆ’ ಎಂದು ವಿಳಾಸದ ಚೀಟಿ ಕೊಟ್ಟರು. ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಯಹೂದಿಗಳ ಬಗ್ಗೆ ಮೂವತ್ತು ವರ್ಷ ತರಗತಿಯಲ್ಲಿ ಮಾತನಾಡಿದ್ದೇನೆ, ಒಬ್ಬ ಯಹೂದಿಯ ಜೊತೆ ಮಾತನಾಡಿದ್ದು ಅದೇ ಮೊದಲು. ಖಂಡಿತ ಬರುತ್ತೇನೆ ಎಂದೆ.

ಮನೆಗೆ ಬಂದು ಚೀಟಿ ತೋರಿಸಿದರೆ ಮಗಳು ನಕ್ಕಳು. ‘ಬಾಪಾ, ಅದು ಯಾವ ಸಿನಗಾಗ್ ಎಂದು ನಿಮಗೆ ಗೊತ್ತುಂಟಾ?’

ನನಗೆ ಗೊತ್ತಿರಲಿಲ್ಲ. ಅದು ಬೇತ್ ಸಿಮ್ಖತ್ ತೋರಾ. ಸಲಿಂಗಿಗಳು, ಲಿಂಗ ಬದಲಾಯಿಸಿಕೊಂಡವರು, ಅವರ ಮನೆಯವರು, ಅವರ ಜೊತೆ ನಿಲ್ಲುವ ಇತರರು, ಇವರೆಲ್ಲ ಸೇರಿ ಕಟ್ಟಿಕೊಂಡ ಯಹೂದಿ ಪ್ರಾರ್ಥನಾ ಮಂದಿರ. ಅಳಿಯ, ‘ಮಾವ, ಹೋಗುವುದೇ ಬೇಡ. ಊರಿನವರಿಗೆ ಗೊತ್ತಾದರೆ ಏನು ಹೇಳುವುದು?’ ಎಂದ. ಹೆಂಡತಿ ಏನೂ ಹೇಳಲಿಲ್ಲ. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ, ‘ನೀವು ಹೋಗಲೇಬೇಕು. ಅಣ್ಣನ ವಿಷಯ ನೆನಪುಂಟಲ್ಲ?’ ಎಂದಳು. ಅವಳಿಗೆ ಒಡಹುಟ್ಟಿದ ಅಣ್ಣ ಇಲ್ಲ. ಅವಳು ಹೇಳಿದ್ದು ನನ್ನ ದೊಡ್ಡಕ್ಕನ ಮಗನ ಬಗ್ಗೆ. ನಮ್ಮ ಮನೆಯಲ್ಲಿ ಆ ಹೆಸರು ಎತ್ತದೆ ಹನ್ನೊಂದು ವರ್ಷ ಆಗಿತ್ತು.

ಅವನ ಕಥೆ ಇಷ್ಟು. 2001ರಲ್ಲಿ ಅವನಿಗೆ ಇಪ್ಪತ್ತಾರು ವರ್ಷ. ಓದಿದವನು, ಒಳ್ಳೆಯ ಕೆಲಸ ಇದ್ದವನು, ಐದು ಹೊತ್ತಿನ ನಮಾಝ್ ಬಿಡದವನು. ಹುಡುಗಿ ನೋಡುವ ಮಾತು ಬಂದಾಗ ತಾಯಿಯ ಮುಂದೆ ಇರುವುದನ್ನು ಇರುವ ಹಾಗೆ ಹೇಳಿಬಿಟ್ಟ. ಅಕ್ಕ ಅಳುತ್ತಾ ನನ್ನ ಬಳಿ ಬಂದಳು. ಮನೆಯಲ್ಲಿ ಓದಿದವನು ನಾನೇ ಅಲ್ಲವೇ? ನಾನು ಹೆಚ್ಚು ಯೋಚಿಸಲೂ ಇಲ್ಲ. ‘ಮದುವೆ ಮಾಡಿಸು, ಎಲ್ಲ ಸರಿಯಾಗುತ್ತದೆ’ ಎಂದೆ. ಅವನನ್ನೂ ಕರೆಸಿ ಅದನ್ನೇ ಹೇಳಿದೆ. ಅವನು ಕೇಳಿದ: ‘ಮಾಮ, ಆ ಹುಡುಗಿ ನಿಮ್ಮ ಮಗಳಾಗಿದ್ದರೆ ಮಾಡಿಸುತ್ತಿದ್ದಿರಾ?’

ನನ್ನ ಕೈ ಎದ್ದಿತ್ತು. ಅವನು ಬೆಂಗಳೂರಿಗೆ ಹೋದ. ಮತ್ತೆ ಊರಿಗೆ ಬಂದದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ಯಹೂದಿ ಎಂದ ಕೂಡಲೇ ನಮಗೆ ನೆನಪಾಗುವುದು ಪ್ಯಾಲೆಸ್ತೀನ್. ಈ ಲೇಖನ ಓದುವ ಹಲವರ ಮನಸ್ಸಿನಲ್ಲೂ ಅದೇ ಇರುತ್ತದೆ, ನನ್ನ ಮನಸ್ಸಿನಲ್ಲೂ ಇತ್ತು. ಇಂಥವರ ಮಂದಿರಕ್ಕೆ ನಾನು ಹೋಗಬೇಕೇ ಎಂದು ಆ ವಾರವೆಲ್ಲ ಲೆಕ್ಕ ಹಾಕಿದೆ. ಮಗಳು ಒಂದು ಸಂಗತಿ ಹೇಳಿದಳು. 2014ರಲ್ಲಿ ಗಾಝಾದ ಮೇಲೆ ಯುದ್ಧ ನಡೆದಾಗ ಈ ಮಂದಿರದ ರಬ್ಬಿ ಶಾರೋನ್ ಕ್ಲೈನ್‌ಬಾಮ್, ಸತ್ತ ಇಸ್ರೇಲಿಗಳ ಹೆಸರಿನ ಜೊತೆ ಸತ್ತ ಪ್ಯಾಲೆಸ್ತೀನಿಯರ ಹೆಸರುಗಳನ್ನೂ ಪ್ರಾರ್ಥನೆಯಲ್ಲಿ ಓದಿಸಿದರಂತೆ. ಅದನ್ನು ಸಹಿಸದೆ ಕೆಲವರು ಮಂದಿರ ಬಿಟ್ಟೇ ಹೋದರು. ಸತ್ತ ಮಕ್ಕಳ ಹೆಸರು ಓದಿದ್ದಕ್ಕೆ ಜಮಾಅತ್ ಒಡೆಯುತ್ತದೆ ಎಂದರೆ ಆ ಸಮಾಜದ ಒಳಗಿನ ಬೇಗುದಿ ಎಷ್ಟಿರಬೇಕು! ಈಗ, 2023ರ ಅಕ್ಟೋಬರ್ ನಂತರ ಗಾಝಾದಲ್ಲಿ ನಡೆದುದನ್ನೆಲ್ಲ ಕಂಡ ಮೇಲೆ, ಇದನ್ನು ಬರೆಯುವುದು ಸುಲಭವಲ್ಲ. ಆದರೆ ಆ ಚಳಿಯಲ್ಲಿ ನಮ್ಮ ಬಾಗಿಲಲ್ಲಿ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದನ್ನು ಕಾಣಲಿಲ್ಲ ಎಂದು ಬರೆಯಲಾರೆ.

ಮುಂದಿನ ಶುಕ್ರವಾರ ಸಂಜೆ ಹೋದೆ. ಮೂವತ್ತಮೂರನೇ ಬೀದಿಯಲ್ಲಿ ರೈಲಿಳಿದು ಮೂರು ಬೀದಿ ನಡೆದರೆ ಸಿಗುತ್ತದೆ. ಒಂದು ಕಾಲಕ್ಕೆ ತುಪ್ಪಳದ ವ್ಯಾಪಾರಿಗಳಿದ್ದ ಪ್ರದೇಶವಂತೆ ಅದು. ಹಳೆಯ ಎತ್ತರದ ಕಟ್ಟಡ. ಮಂದಿರ ಅಲ್ಲಿಗೆ ಬಂದು ವರ್ಷವೂ ತುಂಬಿರಲಿಲ್ಲ. ಬಾಗಿಲಲ್ಲಿ ಕಾವಲುಗಾರ ಚೀಲ ತೆರೆಸಿ ನೋಡಿದ. ನನ್ನ ಮುಖ ಬಾಡಿದ್ದನ್ನು ಕಂಡಿರಬೇಕು, ಚೀಟಿ ಕೊಟ್ಟಿದ್ದ ಆ ಹಿರಿಯರು ಒಳಗಿನಿಂದ ಓಡಿಬಂದು, ‘ಎಲ್ಲರದೂ ನೋಡುತ್ತಾರೆ, ಬೇಸರಿಸಬೇಡಿ. ಬಾಂಬಿನ ಬೆದರಿಕೆಗಳು ಬರುತ್ತಿವೆ’ ಎಂದರು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅಮೆರಿಕದ ಯಹೂದಿ ಕೇಂದ್ರಗಳಿಗೆ ಅಂಥ ಬೆದರಿಕೆ ಕರೆಗಳು ಸಾಲುಸಾಲಾಗಿ ಬರುತ್ತಿದ್ದವು. ಸೇಂಟ್ ಲೂಯಿಸ್ ಬಳಿಯ ಯಹೂದಿ ಕಬರಸ್ತಾನವೊಂದರಲ್ಲಿ ಅದೇ ಫೆಬ್ರವರಿಯಲ್ಲಿ ಯಾರೋ ನೂರೈವತ್ತಕ್ಕೂ ಹೆಚ್ಚು ಕಲ್ಲುಗಳನ್ನು ಉರುಳಿಸಿದರು. ಅದನ್ನು ಸರಿಪಡಿಸಲೆಂದು ಅಮೆರಿಕದ ಮುಸ್ಲಿಮರು ಮುಂದಾಗಿ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿದರು.

ಒಳಗೆ ನಾನು ಕುಳಿತದ್ದು ಹಿಂದಿನ ಸಾಲಿನಲ್ಲಿ. ನನ್ನ ಟೊಪ್ಪಿಗೆ ಅಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಅವರ ತಲೆಯಲ್ಲೂ ಟೊಪ್ಪಿ ಇತ್ತು. ಹೆಂಗಸರು ಗಂಡಸರು ಒಟ್ಟಿಗೇ ಕುಳಿತಿದ್ದರು. ಹಾಡು, ವಾದ್ಯ ಎಲ್ಲ ಇತ್ತು. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ನಡುವಯಸ್ಸಿನ ಗಂಡಸರು ಕೈ ಹಿಡಿದುಕೊಂಡು ಕುಳಿತಿದ್ದರು. ಅವರ ನಡುವೆ ನಾಲ್ಕೈದು ವರ್ಷದ ಹುಡುಗಿಯೊಂದು ಬಿಸ್ಕತ್ತು ತಿನ್ನುತ್ತಿತ್ತು. ನನಗೆ ಇರಿಸುಮುರಿಸಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಪುಸ್ತಕ ನೋಡುತ್ತಾ ಕುಳಿತೆ. ಸಬ್ಬತ್ ದಿನವನ್ನು ಅವರು ಮದುಮಗಳೆಂದು ಕರೆಯುತ್ತಾರೆ. ಒಂದು ಹಾಡಿನ ಕೊನೆಗೆ ಎಲ್ಲರೂ ಎದ್ದು ಹಿಂದಕ್ಕೆ ತಿರುಗಿ ಬಾಗಿಲಿಗೆ ಮುಖಮಾಡಿ ಆ ಮದುಮಗಳನ್ನು ತಲೆಬಾಗಿ ಬರಮಾಡಿಕೊಳ್ಳುತ್ತಾರೆ. ಹಿಂದಿನ ಸಾಲಿನವನಾದ ನಾನು ಇದ್ದಕ್ಕಿದ್ದಂತೆ ಮುಂದಿನ ಸಾಲಿನವನಾಗಿಬಿಟ್ಟೆ. ಇಡೀ ಸಭೆ ನನ್ನತ್ತಲೇ ನೋಡುತ್ತಿರುವ ಹಾಗೆ ಕಂಡಿತು.

ಕೊನೆಗೆ ಬಂದದ್ದು ಕದ್ದಿಷ್. ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ಆದರೆ ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ಅಲ್ಲಾಹನ ಸ್ತುತಿ. ಭಾಷೆ ಹೀಬ್ರೂ ಅಲ್ಲ, ಅರಾಮಿಕ್, ನಮ್ಮ ಅರಬಿಯ ದಾಯಾದಿ. ಕದ್ದಿಷ್ ಎಂಬ ಶಬ್ದವೇ ನಮ್ಮ ಕುದ್ದೂಸ್, ಬೈತುಲ್ ಮುಕದ್ದಸ್ ಎಂಬ ಶಬ್ದಗಳ ಬೇರಿನಿಂದ ಹುಟ್ಟಿದ್ದು. ಕಿವಿಗೊಟ್ಟು ಕೇಳಿದರೆ ಅಲ್ಲೊಂದು ಇಲ್ಲೊಂದು ಪದ ಪರಿಚಯದ್ದೆನಿಸುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ, ಎಂಬತ್ತರ ಹತ್ತಿರದ ಮುದುಕರೊಬ್ಬರು ಬೆಂಚು ಹಿಡಿದು ಎದ್ದು ನಿಂತು, ಪುಸ್ತಕ ನೋಡದೆ ಅದನ್ನು ಹೇಳಿದರು.

ಪ್ರಾರ್ಥನೆ ಮುಗಿದ ಮೇಲೆ ರೊಟ್ಟಿ, ದ್ರಾಕ್ಷಾರಸ. ನಾನು ಮದ್ಯ ಮುಟ್ಟುವುದಿಲ್ಲವೆಂದು ಕೇಳುವ ಮೊದಲೇ ಒಬ್ಬ ಹುಡುಗಿ ಹುದುಗಿಸದ ದ್ರಾಕ್ಷಿಯ ರಸ ತಂದುಕೊಟ್ಟಳು. ಜಡೆ ಹೆಣೆದ ಹಾಗಿರುವ ಆ ರೊಟ್ಟಿ ಸ್ವಲ್ಪ ಸಿಹಿ. ಆ ಮುದುಕರೂ ನಾನೂ ಮೂಲೆಯ ಎರಡು ಕುರ್ಚಿ ಹಿಡಿದೆವು. ಆ ಸಭೆಯ ಚರಿತ್ರೆ ತಿಳಿದದ್ದು ಅವರಿಂದ. ನ್ಯೂಯಾರ್ಕಿನಲ್ಲಿ ಇದು ಶುರುವಾದದ್ದು 1973ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಲಾಸ್ ಏಂಜಲೀಸಿನಲ್ಲಿ ಇಂಥದ್ದೇ ಒಂದು ಹುಟ್ಟಿತ್ತು. ಇಲ್ಲಿ ಜೇಕಬ್ ಗುಬ್ಬಾಯ್ ಎಂಬವರು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟು ಜನ ಸೇರಿಸಿದರು. ಗುಬ್ಬಾಯ್ ಎಂಬ ಮನೆತನದ ಹೆಸರು ಕಲ್ಕತ್ತಾ ಮುಂಬಯಿಗಳ ಬಗ್ದಾದಿ ಯಹೂದಿಗಳಲ್ಲಿ ಇದೆ ಎಂದು ನಾನು ಹೇಳಿದಾಗ ಮುದುಕರು ಹುಬ್ಬೇರಿಸಿದರು. ಮೊದಲು ಸೇರಿದ್ದು ಒಂದು ಚರ್ಚಿನಲ್ಲಿ! ಯಹೂದಿಗಳ ಮಂದಿರಗಳು ಬಾಗಿಲು ತೆರೆಯದಿದ್ದಾಗ ಜಾಗ ಕೊಟ್ಟದ್ದು ಕ್ರೈಸ್ತರು. ಇಪ್ಪತ್ತು ವರ್ಷದ ಹತ್ತಿರ ರಬ್ಬಿಯೇ ಇಲ್ಲದೆ ತಾವೇ ನಡೆಸಿಕೊಂಡು ಬಂದರು. ಆಮೇಲೆ ಏಡ್ಸ್ ಬಂತು. ವಾರ ವಾರವೂ ಸಾವು. ರಬ್ಬಿ ಬೇಕೇ ಬೇಕು ಎನಿಸಿ 1992ರಲ್ಲಿ ಶಾರೋನ್ ಕ್ಲೈನ್‌ಬಾಮ್ ಅವರನ್ನು ನೇಮಿಸಿಕೊಂಡರು. ಅವರು 2024ರ ತನಕ ಅಲ್ಲಿದ್ದರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2013ರಲ್ಲಿ ಸಲಿಂಗಿ ದಂಪತಿಗಳ ಪರವಾಗಿ ತೀರ್ಪು ಗೆದ್ದ ಎಡಿತ್ ವಿಂಡ್ಸರ್ ಎಂಬ ಮುದುಕಿಯೂ ಈ ಮಂದಿರದವರೇ.

‘ಏಡ್ಸ್‌ನಿಂದ ಸತ್ತವರನ್ನು ಮುಟ್ಟಲು ಹೆಣ ಸಂಸ್ಕಾರ ಮಾಡುವವರೇ ಹೆದರುತ್ತಿದ್ದ ಕಾಲ ಅದು’ ಎಂದರು ಮುದುಕರು. ನಮ್ಮಲ್ಲಿ ಮಯ್ಯಿತ್‌ಗೆ ಸ್ನಾನ ಮಾಡಿಸುವ ಹಾಗೆ ಅವರಲ್ಲೂ ಮಾಡಿಸುತ್ತಾರೆ, ಬಿಳಿ ಬಟ್ಟೆ ಉಡಿಸುತ್ತಾರೆ, ಬೇಗ ದಫನ ಮಾಡುತ್ತಾರೆ. ಸ್ನಾನವಿಲ್ಲದೆ ಹೋದವರ ಬಗ್ಗೆ ಅವರು ಹೇಳುತ್ತಿದ್ದಾಗ ನನ್ನ ಗಂಟಲು ಒಣಗಿತ್ತು.

ಆಮೇಲೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. ‘ನೀವು ತಪ್ಪು ತಿಳಿಯಬಾರದು. ನಿಮ್ಮ ಗ್ರಂಥದಲ್ಲೂ ಇದು ನಿಷಿದ್ಧವಲ್ಲವೇ? ಲೂತರ ಕಥೆ ನಿಮ್ಮಲ್ಲೂ ಇದೆಯಲ್ಲವೇ?’

ಅವರು ಸಿಟ್ಟಾಗಲಿಲ್ಲ. ‘ಇದೆ. ಲೇವಿಯರ ಕಾಂಡದ ಆ ವಾಕ್ಯಗಳನ್ನು ನಾನು ಹದಿಮೂರು ವರ್ಷದ ಹುಡುಗನಾಗಿದ್ದಾಗಿನಿಂದ ಓದುತ್ತಿದ್ದೇನೆ, ಬೇರೆಯವರಿಗಿಂತ ಹೆಚ್ಚು ಸಲವೇ ಓದಿರಬೇಕು’ ಎಂದರು. ಅವರ ತಂದೆ ಬ್ರೂಕ್ಲಿನ್‌ನ ಮಡಿವಂತ ಯಹೂದಿ. 1983ರಲ್ಲಿ ತೀರಿಕೊಂಡರು. ಅವರಲ್ಲಿ ತಂದೆ ತಾಯಿ ಸತ್ತರೆ ಮಗ ಹನ್ನೊಂದು ತಿಂಗಳು ಕದ್ದಿಷ್ ಹೇಳಬೇಕು. ಒಬ್ಬನೇ ಹೇಳುವ ಹಾಗಿಲ್ಲ, ಹತ್ತು ಮಂದಿಯಾದರೂ ಸೇರಿರಬೇಕು. ಅಣ್ಣಂದಿರು ಇವರನ್ನು ಮನೆಯ ಬಾಗಿಲಲ್ಲೇ ತಡೆದು, ಏಳು ದಿನದ ಶೋಕಕ್ಕೂ ಬರಬೇಡ, ನಮ್ಮ ಮಂದಿರದಲ್ಲಿ ಕದ್ದಿಷ್ ಹೇಳಲೂ ಬೇಡ ಎಂದರು. ‘ಹತ್ತು ಮಂದಿ ಎಲ್ಲಿ ಸಿಗುತ್ತಾರೆ? ಇಲ್ಲಿ ಸಿಕ್ಕಿದರು. ನಿತ್ಯ ಹೇಳಬೇಕಾದದ್ದನ್ನು ಶುಕ್ರವಾರ ಮಾತ್ರ ಹೇಳಿದೆ. ಹನ್ನೊಂದು ತಿಂಗಳು ಒಂದು ಶುಕ್ರವಾರವನ್ನೂ ಬಿಡಲಿಲ್ಲ’ ಎಂದರು. ಸ್ವಲ್ಪ ಹೊತ್ತು ರೊಟ್ಟಿಯ ಚೂರನ್ನು ಬೆರಳಲ್ಲಿ ಉರುಳಿಸುತ್ತಾ ಕುಳಿತು, ‘ನೀವು ಕೇಳಿದ ವಾಕ್ಯ ಗ್ರಂಥದಲ್ಲಿ ಇದೆ. ಆದರೆ ನಿನ್ನ ತಂದೆಗೆ ನೀನು ಕದ್ದಿಷ್ ಹೇಳಬೇಡ ಎಂದು ಯಾವ ಪುಟದಲ್ಲೂ ಬರೆದಿಲ್ಲ. ಅದನ್ನು ಹೇಳಿದ್ದು ನನ್ನ ಅಣ್ಣಂದಿರು’ ಎಂದರು.

ನಾನು ಅಲ್ಲಿಂದ ಬೇಗ ಎದ್ದೆ. ಮಗು ಸಣ್ಣದು, ಮನೆಗೆ ಹೋಗಬೇಕು ಎಂದು ನೆಪ ಹೇಳಿದೆ.

2006ರ ಮಳೆಗಾಲದಲ್ಲಿ ದೊಡ್ಡಕ್ಕ ತೀರಿಕೊಂಡಳು. ಯಾರು ತಿಳಿಸಿದರೋ, ಅವನು ರಾತ್ರಿ ಬಸ್ಸಿನಲ್ಲಿ ಬಂದ. ಮಯ್ಯಿತ್ ನಮಾಝಿನಲ್ಲಿ ಕೊನೆಯ ಸಾಲಿನಲ್ಲಿ ನಿಂತ. ಯಾರೂ ಏನೂ ಹೇಳಲಿಲ್ಲ. ಹೆಂಗಸಿನ ಮಯ್ಯಿತ್ ಕಬರಿಗೆ ಇಳಿಸುವವರು ರಕ್ತಸಂಬಂಧದ ಗಂಡಸರು, ಮಗನಿದ್ದರೆ ಮೊದಲು ಮಗ. ನಾನೂ ನನ್ನ ತಮ್ಮನೂ ಇಳಿಯಲು ಸಿದ್ಧರಾದೆವು. ಅವನು ಪ್ಯಾಂಟು ಮಡಚಿಕೊಂಡು ಮುಂದೆ ಬಂದ. ನಾನು ಅವನ ಮೊಣಕೈ ಹಿಡಿದು, ಅವನಿಗೆ ಮಾತ್ರ ಕೇಳುವ ಹಾಗೆ, ‘ನೀನು ಬೇಡ’ ಎಂದೆ.

ಅಷ್ಟೇ. ಖತೀಬರು ಹೇಳಿದ್ದಲ್ಲ, ಜಮಾಅತಿನವರು ಹೇಳಿದ್ದಲ್ಲ. ಅವರಿಗೆ ಇಂದಿಗೂ ಗೊತ್ತಿಲ್ಲ. ಅವನು ಹಿಂದೆ ಸರಿದು ಗೇರುಮರದ ಅಡಿಯಲ್ಲಿ ನೆನೆಯುತ್ತಾ ನಿಂತ. ಮೂರು ಹಿಡಿ ಮಣ್ಣು ಹಾಕುವಾಗ ಬಂದನೋ ಇಲ್ಲವೋ ನಾನು ನೋಡಲಿಲ್ಲ. ದುಆ ಮುಗಿಸಿ ತಿರುಗಿದಾಗ ಅವನು ಅಲ್ಲಿರಲಿಲ್ಲ.

ನದಿಯ ಅಡಿಯಲ್ಲಿ ರೈಲು ಹೋಗುತ್ತಿದ್ದಾಗ ಈ ಎರಡು ಮಾತು ಕಿವಿಯಲ್ಲಿ ಕೇಳುತ್ತಲೇ ಇತ್ತು. ಮೂವತ್ತು ವರ್ಷ ಪಾಠ ಮಾಡಿದವನ ಬಾಯಿಂದ ಬಂದ ಮಾತು.

ಮಗಳು ಆ ವಾರ ತನ್ನ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದಳು. ಒಂದು 2001ರಲ್ಲಿ ಬಂದ ‘ಟ್ರೆಂಬ್ಲಿಂಗ್ ಬಿಫೋರ್ ಜಿ-ಡಿ’, ಮಡಿವಂತ ಯಹೂದಿ ಮನೆತನಗಳ ಸಲಿಂಗಿಗಳ ಬಗ್ಗೆ. ಅದನ್ನು ಮಾಡಿದ ಸ್ಯಾಂಡಿ ಡುಬೌಸ್ಕಿ ಎಂಬವರೇ ಮುಂದೆ ನಿರ್ಮಾಪಕರಾಗಿ ನಿಂತು ತಂದ ಇನ್ನೊಂದು ಚಿತ್ರ 2007ರ ‘ಎ ಜಿಹಾದ್ ಫಾರ್ ಲವ್’. ಅದು ಮುಸ್ಲಿಂ ಸಲಿಂಗಿಗಳದ್ದು, ನಿರ್ದೇಶಕ ಭಾರತದಲ್ಲಿ ಹುಟ್ಟಿದ ಪರ್ವೇಝ್ ಶರ್ಮಾ. ಎರಡರಲ್ಲೂ ಹಲವರು ಮುಖ ಮರೆಸಿಕೊಂಡು ಮಾತನಾಡುತ್ತಾರೆ. ಮುಖ ಮರೆಸಿಕೊಂಡವರೂ ಪ್ರಾರ್ಥನೆ ಬಿಟ್ಟಿಲ್ಲ. ನನಗೆ ಆಶ್ಚರ್ಯವಾದದ್ದು ಅದು. ನಮ್ಮ ‘ಸಲಿಂಗಕಾಮಿ’ ಎಂಬ ಪದದಲ್ಲಿ ಕಾಮ ಒಂದೇ ಇದೆ. ಆ ಮನುಷ್ಯನ ಊಟ, ನಿದ್ದೆ, ತಾಯಿ, ನಮಾಝ್ ಯಾವುದೂ ಇಲ್ಲ.

ಯಹೂದಿಗಳೆಲ್ಲ ಇದನ್ನು ಒಪ್ಪಿಕೊಂಡಿದ್ದಾರೆ ಎಂದು ಯಾರೂ ತಿಳಿಯಬಾರದು. ಅವರ ಸುಧಾರಣಾವಾದಿ ಪಂಗಡ ಎಪ್ಪತ್ತರ ದಶಕದಲ್ಲೇ ಇಂಥ ಮಂದಿರವನ್ನು ತನ್ನ ಒಕ್ಕೂಟಕ್ಕೆ ಸೇರಿಸಿಕೊಂಡಿತು. ನಡುಪಂಥದವರು ವರ್ಷಗಟ್ಟಲೆ ಚರ್ಚಿಸಿ 2006ರಲ್ಲಿ ಒಂದಕ್ಕೊಂದು ವಿರುದ್ಧವಾದ ತೀರ್ಪುಗಳನ್ನು ಒಟ್ಟಿಗೇ ಅಂಗೀಕರಿಸಿದರು. ಮಡಿವಂತರು ಇಂದಿಗೂ ಒಪ್ಪುವುದಿಲ್ಲ. ಜೆರುಸಲೇಮಿನಲ್ಲಿ 2015ರ ಜುಲೈ 30ರಂದು ಇವರ ಮೆರವಣಿಗೆಗೆ ನುಗ್ಗಿ ಚೂರಿ ಹಾಕಿದವನು ಧರ್ಮದ ಹೆಸರು ಹೇಳುವವನೇ. ಹತ್ತು ವರ್ಷದ ಹಿಂದೆಯೂ ಅದೇ ಕೆಲಸ ಮಾಡಿ ಜೈಲಿಗೆ ಹೋಗಿ, ಬಿಡುಗಡೆಯಾಗಿ ಮೂರು ವಾರವಾಗಿತ್ತಷ್ಟೆ. ಸತ್ತವಳು ಶಿರಾ ಬಂಕಿ, ಹದಿನಾರು ವರ್ಷದವಳು. ಗೆಳೆಯರ ಜೊತೆ ನಿಲ್ಲಬೇಕೆಂದು ಬಂದಿದ್ದ ಹುಡುಗಿ.

ನಾನು ಆಲಿಮ್ ಅಲ್ಲ. ಹರಾಮ್ ಯಾವುದು ಹಲಾಲ್ ಯಾವುದು ಎಂದು ಹೇಳುವ ಅಧಿಕಾರ ನನಗಿಲ್ಲ, ಆ ಚರ್ಚೆಗೆ ನಾನಿಲ್ಲಿ ಇಳಿಯುವುದೂ ಇಲ್ಲ. ಆದರೆ 2006ರಲ್ಲಿ ‘ನೀನು ಬೇಡ’ ಎನ್ನುವ ಅಧಿಕಾರ ಮಾತ್ರ ನನಗೆ ಎಲ್ಲಿಂದಲೋ ಬಂದಿತ್ತಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಮರಳಿದ ಮೇಲೆ ಮಗಳಿಂದ ಅವನ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಅವಳ ಬಳಿ ಅಷ್ಟು ವರ್ಷವೂ ನಂಬರು ಇತ್ತು ಎಂಬುದೂ ನನಗೆ ಆಗಲೇ ತಿಳಿದದ್ದು. ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮಾಮ, ಹನ್ನೊಂದು ವರ್ಷ ಆಯಿತು’ ಎಂದ. ಫೋನ್ ಇಟ್ಟ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟಾಗ ಟಿ.ವಿ.ಯಲ್ಲಿ ಬೆಂಗಳೂರಿನ ಜನ ಕುಣಿಯುವುದನ್ನು ತೋರಿಸುತ್ತಿದ್ದರು. ಅವರಲ್ಲಿ ಅವನಿದ್ದಾನೆಯೇ ಎಂದು ಹುಡುಕಿದೆ. ವಾಟ್ಸಾಪಿನಲ್ಲಿ ಏನೋ ಬರೆದೆ, ಅಳಿಸಿದೆ.

2019ರ ಪೆರ್ನಾಳಿನ ಬೆಳಿಗ್ಗೆ ನಮಾಝ್ ಮುಗಿಸಿ ಎಲ್ಲರ ಜೊತೆ ಕಬರಸ್ತಾನದ ಕಡೆ ಹೋಗುತ್ತಿದ್ದಾಗ ಫೋನು ಸದ್ದು ಮಾಡಿತು. ಅವನೇ. ಸಲಾಂ ಇಲ್ಲ, ಪೆರ್ನಾಳ್ ಶುಭಾಶಯ ಇಲ್ಲ. ‘ಉಮ್ಮನ ಕಬರ್ ಯಾವುದು?’ ಎಂದಷ್ಟೇ ಬರೆದಿದ್ದ. ಮೀಸಾನ್ ಕಲ್ಲು ನೆಡುವ ಮೊದಲೇ ಅವನು ಹೋಗಿಬಿಟ್ಟಿದ್ದನಲ್ಲ.

ಅಕ್ಕನ ಕಲ್ಲಿನ ಮೇಲೆ ಬಳ್ಳಿ ಹಬ್ಬಿತ್ತು. ಕಿತ್ತು ತೆಗೆದೆ. ಪಾಚಿಯನ್ನು ಅಂಗೈಯಿಂದ ಉಜ್ಜಿದೆ. ಹೊಸ ಬಟ್ಟೆ ಕೊಳೆಯಾಗುತ್ತದೆ ಎಂದು ತಮ್ಮ ಗದರಿದ. ಫೋಟೋ ತೆಗೆದು ಕಳಿಸಿದೆ. ಗೇರುಮರವೂ ಕಾಣುವ ಹಾಗೆ ಇನ್ನೊಂದು ತೆಗೆದು ಕಳಿಸಿದೆ.

ಎರಡು ಕಲ್ಲು ಕಾಣುತ್ತಿವೆ, ಎಡಗಡೆಯದ್ದೋ ಬಲಗಡೆಯದ್ದೋ ಮಾಮ, ಎಂದು ಕೇಳಿದ.

ಎಡಗಡೆಯದ್ದು ಎಂದು ಬರೆದೆ.